ಟಾರಿಗೆ ಇದ್ದಿಲೇ ಮದ್ದು, ಹೊಟ್ಟಿನ ಇದ್ದಿಲಲ್ಲ

ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಸುತ್ತಿನ ಗಿರಣಿಗಳಲ್ಲಿ ಭತ್ತದ ತೂಕದ ಸುಮಾರು ಐದನೇ ಒಂದು ಪಾಲು ಹೊಟ್ಟಾಗಿ ಹೊರಬೀಳುತ್ತದೆ. ಅದನ್ನು ಕಡಿಮೆ ಗಾಳಿಯಲ್ಲಿ ಕಾಯಿಸಿ ಅನಿಲ ಮಾಡಿ ಎಂಜಿನ್ ಓಡಿಸಬೇಕೆಂಬ ಮಾತು ಹಳೆಯದು. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲೇ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆಯ ಅನಿಲದಿಂದ ದೀಪ ಉರಿಸಿ ತೋರಿಸಿದ್ದರು. ಆದರೂ ಇದು ಊರೂರಿಗೆ ಹಬ್ಬಲಿಲ್ಲ. ಕಾರಣಗಳು ಹಲವು, ಅವುಗಳಲ್ಲಿ ಅಂಟಂಟಾದ ಕಾರಣ ಅನಿಲದ ಜೊತೆಗೇ ಹುಟ್ಟುವ ಟಾರು. ಅನಿಲ ತಣ್ಣಗಾದಂತೆ ಅದು ಕೊಳವೆ, ಕವಾಟಗಳಿಗೆ ಮೆತ್ತಿಕೊಂಡು ಎಂಜಿನ್ ಕೆಡಿಸುತ್ತದೆ. ಎಂಜಿನ್ ತಡೆದುಕೊಳ್ಳಬೇಕಾದರೆ ಘನಮೀಟರ್ ಅನಿಲದಲ್ಲಿ ಟಾರು 100 ಮಿಲಿಗ್ರಾಂ ಮೀರಬಾರದು ಎಂಬುದು ರೂಢಿಯ ಲೆಕ್ಕ. ಅನಿಲ ಕೆಳಮುಖವಾಗಿ ಹರಿಯುವ ಒಲೆಗಳಲ್ಲೂ ಇದು ಸಾಮಾನ್ಯವಾಗಿ 1 ಗ್ರಾಂ ಆಸುಪಾಸಿರುತ್ತದೆ.

ನೀರಲ್ಲಿ ತೊಳೆದರಾಯಿತಲ್ಲ ಎನ್ನುವವರಿದ್ದಾರೆ. ತೊಳೆದರೆ ಟಾರು ಅಳಿಯುವುದಿಲ್ಲ, ಫೀನಾಲ್ ಬೆರೆತ ಕೊಳಕು ನೀರಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದಲ್ಲಿ ಆ ನೀರನ್ನು ಎಲ್ಲಿ ಬಿಡುವುದು? ಗಿಣಗೇರಿಯ ಕಾರ್ಖಾನೆಗಳ ಹೊಗೆ, ದೂಳು ಕಂಡ ಕೊಪ್ಪಳದ ಜನ ಇನ್ನೊಂದು ಚಿಮಣಿಯನ್ನು ಅನುಮಾನಿಸಿದರೆ ತಪ್ಪೇನೂ ಇಲ್ಲ. ಆದ್ದರಿಂದ ಟಾರನ್ನು ಬಿಸಿಯಿರುವಾಗಲೇ ಒಡೆಯಬೇಕು. ಅದಕ್ಕೆ ಇದ್ದಿಲೇ ವೇಗವರ್ಧಕ. 800–900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಂಡವಾಗಿರುವ ಇದ್ದಿಲಿನ ಹಾಸಿನ ಮೂಲಕ ಅನಿಲ ಹಾಯುವಾಗ ಟಾರಿನ ಭಾರಿ ಅಣುಗಳು ಅದರ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿರುವ ಪೊಟ್ಯಾಸಿಯಂ, ಕ್ಯಾಲ್ಸಿಯಂ ಅವುಗಳನ್ನು ಮುರಿಯಲು ನೆರವಾಗುತ್ತವೆ. ಹಿಂದೆ ಉಳಿದ ಮಸಿಯನ್ನು ಹಬೆ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಆಗಿಸುತ್ತದೆ, ಅಂದರೆ ಕಸವೇ ಉರುವಲು. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಟಾರಿನಲ್ಲಿರುವ ನ್ಯಾಫ್ತಲೀನ್ ಒಡೆಯುವುದರಲ್ಲಿ ಅಗ್ಗದ ವೇಗವರ್ಧಕಗಳ ಪೈಕಿ ಇದ್ದಿಲೇ ಮುಂದಿತ್ತು. ನಿಕಲ್ ಇನ್ನೂ ಚುರುಕು ನಿಜ, ಆದರೆ ದುಬಾರಿ, ಮಸಿ ಮತ್ತು ಗಂಧಕಕ್ಕೆ ಬೇಗ ಸೋಲುತ್ತದೆ.

ನಮ್ಮ ಜಿಲ್ಲೆಯ ನಿಜವಾದ ತೊಡಕು ಇಲ್ಲಿಂದ ಶುರು. ಗಂಗಾವತಿಯಲ್ಲಿ ಹೇರಳವಾಗಿ ಸಿಗುವ ಹೊಟ್ಟಿನ ಇದ್ದಿಲು ಈ ಕೆಲಸಕ್ಕೆ ಅಷ್ಟು ಒಳ್ಳೆಯದಲ್ಲ. ಅದರಲ್ಲಿ ಅರ್ಧದಷ್ಟು ಬೂದಿಯೇ, ಆ ಬೂದಿಯಲ್ಲೂ ಬಹುಪಾಲು ಟಾರು ಒಡೆಯಲು ನೆರವಾಗದ ಸಿಲಿಕ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯ ತೊಗರಿ ಕಟ್ಟಿಗೆ, ಎಲ್ಲೆಂದರಲ್ಲಿ ಹಬ್ಬಿದ ಬಳ್ಳಾರಿ ಜಾಲಿ, ಇವುಗಳಲ್ಲಿ ಬೂದಿ ಕಡಿಮೆ, ಇದ್ದಿಲು ಗಟ್ಟಿ. ಹೊಟ್ಟಿನಿಂದ ಅನಿಲ, ಜಾಲಿಯಿಂದ ಇದ್ದಿಲ ಹಾಸು ಎಂಬ ಜೋಡಿಯನ್ನು ಮೊದಲು ಒಂದೇ ಗಿರಣಿಯಲ್ಲಿ ಪರೀಕ್ಷಿಸಬೇಕು. ಸಹಾಯಧನ ಕೊಡುವುದಾದರೆ ಕಿಲೋವ್ಯಾಟ್ ನೋಡಿ ಕೊಡಬಾರದು, ಎಂಜಿನ್ ಬಾಯಲ್ಲಿ ಅಳೆದ ಟಾರು ಮತ್ತು ಹೊರಬಿಟ್ಟ ನೀರು ನೋಡಿ ಕೊಡಬೇಕು.

ಬಿಸಿಲು, ಗಾಳಿ ಇಲ್ಲೇ ಬೇಕಾದಷ್ಟಿರುವಾಗ ಈ ರಗಳೆ ಯಾಕೆ ಎಂಬ ಪ್ರಶ್ನೆ ಹಗುರದ್ದಲ್ಲ. ಬರೀ ವಿದ್ಯುತ್ತಿಗಾದರೆ ನಾನೂ ಸೌರಫಲಕವನ್ನೇ ಆರಿಸುತ್ತೇನೆ. ಭತ್ತ ಕುದಿಸಲು, ಒಣಗಿಸಲು ಬೇಕಾದ ಶಾಖವನ್ನೂ ರಾತ್ರಿಯ ಕರೆಂಟನ್ನೂ ಒಟ್ಟಿಗೆ ಕೇಳುವ ಗಿರಣಿಯ ಲೆಕ್ಕ ಬೇರೆ. ಹೊಟ್ಟಿಗೆ ಈಗಾಗಲೇ ಬೆಲೆಯಿದೆ ಎಂಬುದೂ ನಿಜ, ಹಾಗಾಗಿ ಬಾಯ್ಲರ್‌ಗೆ ಬೇಕಾದಷ್ಟು ಬಿಟ್ಟು ಮಿಕ್ಕಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಇದ್ದಿಲೂ ಕರಗುತ್ತಾ ಹೋಗುತ್ತದೆ, ಆಗಾಗ ತುಂಬಬೇಕು. ಟಾರು ಹೀರಿದ ಹಳೆಯ ಇದ್ದಿಲನ್ನು ಪರೀಕ್ಷಿಸದೆ ಗೊಬ್ಬರವೆಂದು ಹೊಲಕ್ಕೆ ಹಾಕಿಸುವುದು ಸಲ್ಲ. ಗಿರಣಿಯ ಬಾಯ್ಲರ್ ಒಲೆಗೇ ಅದನ್ನು ಸುರಿದು ಉರಿಸಬಹುದು.