ಪರಮಾಣುವಿನ ಚಿತ್ರ: ನೋಟವೋ, ಓದೋ?

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬುದು ಹಿರಿಯರ ಮಾತು. ವಿಜ್ಞಾನದ ಚಿತ್ರಗಳಿಗೂ ಈ ಮಾತು ಸಲ್ಲುತ್ತದೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಚಿನ್ನದ ನಿದರ್ಶನವೊಂದನ್ನು ತೆಗೆದುಕೊಳ್ಳೋಣ.

ಚಿನ್ನವು ತುಕ್ಕು ಹಿಡಿಯದು. ಸುಲಭವಾಗಿ ಯಾವುದರೊಡನೆಯೂ ಕೂಡದು. ಆದರೆ ಅದನ್ನೇ ಅತಿ ಸಣ್ಣ ಕಣಗಳಾಗಿ ಆಕ್ಸೈಡುಗಳ ಮೇಲೆ ಹರಡಿದರೆ, ಸೊನ್ನೆ ಡಿಗ್ರಿಗಿಂತ ಕೆಳಗಿನ ಶೀತದಲ್ಲಿಯೂ ಅದು ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡನ್ನು ಆಮ್ಲಜನಕದೊಡನೆ ಕೂಡಿಸಬಲ್ಲುದೆಂದು ಜಪಾನಿನ ಹರುಟ ಅವರು 1987ರಲ್ಲಿ ತೋರಿಸಿದರು. 1998ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಗುಡ್‌ಮನ್ ಮತ್ತು ಅವರ ಸಂಗಡಿಗರು ಟೈಟೇನಿಯಂ ಡೈಆಕ್ಸೈಡಿನ ಮೇಲೆ ಕುಳಿತ ಚಿನ್ನದ ಕಣಗಳ ಚಿತ್ರ ತೆಗೆದು, ಎರಡೇ ಪರಮಾಣುಗಳಷ್ಟು ದಪ್ಪವಿರುವ ಕಣಗಳು ಬಹು ಚುರುಕೆಂದು ಕಂಡರು. ಅವುಗಳ ಅಗಲ ಸುಮಾರು 3 ನ್ಯಾನೊಮೀಟರು. ಒಂದು ನ್ಯಾನೊಮೀಟರೆಂದರೆ ಮಿಲಿಮೀಟರಿನ 10 ಲಕ್ಷದಲ್ಲೊಂದು ಪಾಲು!

ಇಷ್ಟು ಸಣ್ಣದನ್ನು ಕಂಡುದು ಹೇಗೆ? ಜ್ಯೂರಿಕ್ಕಿನ ಬಿನ್ನಿಗ್ ಮತ್ತು ರೋರರ್ 1981ರಲ್ಲಿ ರೂಪಿಸಿದ ಟನಲಿಂಗ್ ಸೂಕ್ಷ್ಮದರ್ಶಕದಿಂದ. 1986ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಸಂದಿತು. ಇದರಲ್ಲಿ ನೋಡುವುದಕ್ಕೆ ಮಸೂರವೂ ಇಲ್ಲ, ಬೆಳಕೂ ಇಲ್ಲ. ಚೂಪಾದ ಸೂಜಿಯೊಂದು ಮೇಲ್ಮೈಯನ್ನು ಮುಟ್ಟದೆ, ಅದರ ತೀರ ಸಮೀಪದಲ್ಲಿ ಚಲಿಸುತ್ತದೆ. ನಡುವಣ ಅಂತರದಲ್ಲಿ ಹರಿಯುವ ಅಲ್ಪ ವಿದ್ಯುತ್ತು ಏರಿಳಿಯದಂತೆ ಸೂಜಿಯನ್ನು ಮೇಲೆ ಕೆಳಗೆ ಸರಿಸುತ್ತಾರೆ. ಆ ಸರಿದಾಟದ ದಾಖಲೆಯೇ ಚಿತ್ರ. ಶಿಲಾಶಾಸನದ ಮೇಲೆ ಕಾಗದವೊತ್ತಿ ಪಡಿಯಚ್ಚು ತೆಗೆಯುವುದನ್ನು ಬಲ್ಲ ಚರಿತ್ರೆಯ ವಿದ್ಯಾರ್ಥಿಗಳಿಗೆ ಇದು ಅಪರಿಚಿತವೆನಿಸದು.

ಪಡಿಯಚ್ಚಿನಂತೆ ಈ ಚಿತ್ರವೂ ಮೋಸಗೊಳಿಸಬಹುದು. ಟೈಟೇನಿಯಂ ಡೈಆಕ್ಸೈಡಿನ ಒಂದು ಮುಖದಲ್ಲಿ ಆಮ್ಲಜನಕದ ಸಾಲುಗಳು ಉಬ್ಬಿವೆ, ಟೈಟೇನಿಯಂ ಸಾಲುಗಳು ತಗ್ಗಿನಲ್ಲಿವೆ. ಆದರೆ ಸಾಮಾನ್ಯವಾಗಿ ಚಿತ್ರದಲ್ಲಿ ಎದ್ದು ಹೊಳೆಯುವುದು ತಗ್ಗಿನ ಟೈಟೇನಿಯಂ! ಏಕೆಂದರೆ ಸೂಜಿಯು ಅರಿಯುವುದು ಎತ್ತರವನ್ನು ಮಾತ್ರವಲ್ಲ, ಎಲೆಕ್ಟ್ರಾನುಗಳು ಎಲ್ಲಿ ಸುಲಭವಾಗಿ ಹಾಯುತ್ತವೆಂಬುದನ್ನೂ. ಸೂಜಿಯ ಮೊನೆ ಮೊಂಡಾಗಿದ್ದರಂತೂ ಲೋಹದ ಕಣಗಳು ಇದ್ದುದಕ್ಕಿಂತ ಅಗಲವಾಗಿ ತೋರುತ್ತವೆ. ಕಣದ ಅಗಲವೇ ವಾದದ ಜೀವಾಳವಾಗಿರುವಲ್ಲಿ ಇದು ಸಣ್ಣ ದೋಷವಲ್ಲ.

ಹೀಗೆಂದು ಆ ಚಿತ್ರಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಅವು ಛಾಯಾಚಿತ್ರಗಳಲ್ಲ, ಓದಬೇಕಾದ ಪಾಠಗಳು ಎಂಬುದಷ್ಟೇ ನನ್ನ ವಾದ. ಅವುಗಳ ಬಣ್ಣವೂ ಆಮೇಲೆ ತುಂಬಿದ್ದು. ಆದಕಾರಣ ಪುಸ್ತಕದಲ್ಲಿ ಇಂಥ ಚಿತ್ರವನ್ನು ಅಚ್ಚು ಹಾಕುವವರು, ಅದನ್ನು ಹೇಗೆ ಪಡೆದರೆಂದು ಕೆಳಗೊಂದು ಸಾಲು ಬರೆಯಲೇಬೇಕು. ತರಗತಿಯಲ್ಲಿ ಅದನ್ನು ಕಂಡ ವಿದ್ಯಾರ್ಥಿಯೂ “ಇದು ಏನು?” ಎಂದು ಕೇಳಿ ಸುಮ್ಮನಾಗದೆ, “ಇದನ್ನು ತಿಳಿದುದು ಹೇಗೆ?” ಎಂದೂ ಕೇಳಬೇಕು. ಸವೆದ ಅಕ್ಷರವನ್ನು ಬೇರೆ ಶಾಸನಗಳೊಡನೆ ಹೋಲಿಸಿ ಓದುವ ನಮಗೆ ಈ ಪ್ರಶ್ನೆ ಹೊಸದಲ್ಲ. ವಿಜ್ಞಾನದವರ ಚಿತ್ರ ವಿಜ್ಞಾನದವರಿಗೇ ಇರಲಿ ಎಂದು ಕಲಾ ವಿದ್ಯಾರ್ಥಿಗಳಾದ ನಾವು ದೂರ ಸರಿಯುವುದು ತರವಲ್ಲ.