‘ಇನ್ಶೂರೆನ್ಸ್ ಇದೆ’ ಅಂದರೆ ಯಾರಿಗೆ?

ನನ್ನ ತಂಗಿಯ ಮಗ ಮಳೆಗಾಲದಲ್ಲಿ ಗೆಳೆಯರ ಜೊತೆ ಬಾಡಿಗೆ ಕಾರಿನಲ್ಲಿ ಸಕಲೇಶಪುರಕ್ಕೆ ಹೋಗಿದ್ದ. ಎಸ್ಟೇಟಿನ ಹಾದಿಯಲ್ಲಿ ನೀರಿನಡಿ ಅಡಗಿದ್ದ ಕಲ್ಲೊಂದು ಆಯಿಲ್ ಚೇಂಬರನ್ನು ಸೀಳಿತು. ಕಾರು ಹಿಂದಿರುಗಿಸಿದ ವಾರಕ್ಕೆ 38,000 ರೂಪಾಯಿಯ ಬಿಲ್ಲು ಬಂತು. ಬುಕ್ ಮಾಡುವಾಗ ಹೆಚ್ಚಿನ ದುಡ್ಡು ಕಟ್ಟಿ ‘ಪ್ರೊಟೆಕ್ಷನ್’ ತೆಗೆದುಕೊಂಡಿದ್ದ. ಆದರೆ ಗಾಡಿಯ ತಳಭಾಗ, ಟೈರು, ಗಾಜು ಅದರಲ್ಲಿ ಬರುವುದಿಲ್ಲವಂತೆ. ಹಬ್ಬದೂಟದಲ್ಲಿ ಈ ಮಾತು ಬಂದಾಗ ನಮ್ಮ ಭಾವ ಹೋಳಿಗೆ ಮುರಿಯುತ್ತಲೇ ತೀರ್ಪು ಕೊಟ್ಟರು: “ಒಪ್ಪಿಗೆ ಒತ್ತೋಕ್ ಮುಂಚೆ ಓದ್ಬೇಕಾಗಿತ್ತಪ್ಪ.”

ಈ ಬುದ್ಧಿಮಾತು ನನಗೆ ಒಗ್ಗುವುದಿಲ್ಲ. ಷರತ್ತುಗಳನ್ನೆಲ್ಲ ಓದಿದ್ದರೂ ಹುಡುಗ ಮೋಸಹೋಗುತ್ತಿದ್ದ, ಏಕೆಂದರೆ ಮೋಸವಿರುವುದು ಸಣ್ಣಕ್ಷರದಲ್ಲಲ್ಲ, ದಪ್ಪಕ್ಷರದಲ್ಲಿ. ‘ಇನ್ಶೂರೆನ್ಸ್ ಇದೆ’ ಎಂಬ ವಾಕ್ಯ ಯಾರಿಗೆ ಎಂಬುದನ್ನು ಹೇಳದೆ ಅರ್ಧಕ್ಕೇ ನಿಂತಿರುತ್ತದೆ. ಉಳಿದರ್ಧವನ್ನು ‘ನನಗೆ’ ಎಂದು ನಾವೇ ತುಂಬಿಕೊಳ್ಳುತ್ತೇವೆ.

ಗಾಡಿಯ ಮೇಲಿರುವ ವಿಮೆ ಒಂದಲ್ಲ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆ ದಾರಿಹೋಕನಿಗಾಗಿ ಇರುವಂಥದ್ದು. ನೀವು ಯಾರಿಗಾದರೂ ಗುದ್ದಿ ಸಾವುನೋವಾದರೆ ಪರಿಹಾರಕ್ಕೆ ಮೇಲ್ಮಿತಿಯಿಲ್ಲ. ಅವರ ಗೋಡೆ, ಗಾಡಿ ಹಾಳಾದರೆ ಸಾಮಾನ್ಯ ಪಾಲಿಸಿಯಲ್ಲಿ 7.5 ಲಕ್ಷದವರೆಗೆ. ಇದು ಗಟ್ಟಿ ಕಾಳು. ಇನ್ನೊಂದು ಓನ್ ಡ್ಯಾಮೇಜ್, ಮಾಲೀಕನ ಗಾಡಿಯ ನಷ್ಟಕ್ಕೆ. ಅದರ ದುಡ್ಡು ಹೋಗುವುದು ಮಾಲೀಕನ ಕೈಗೆ, ನಿಮ್ಮ ಕೈಗಲ್ಲ. ನೀವು ಹೆಚ್ಚಿಗೆ ಕಟ್ಟಿ ಕೊಂಡ ‘ಪ್ರೊಟೆಕ್ಷನ್’ ಸಾಮಾನ್ಯವಾಗಿ ಇವೆರಡರಲ್ಲಿ ಯಾವುದೂ ಅಲ್ಲ. ‘ಇಷ್ಟರ ಮೇಲೆ ನಿನ್ನಿಂದ ವಸೂಲಿ ಮಾಡುವುದಿಲ್ಲ’ ಎಂದು ಬಾಡಿಗೆಯವನು ಕೊಡುವ ಮಾತು ಅಷ್ಟೆ. ಮಾತು ಕೊಟ್ಟವನೇ ಅದರ ವಿನಾಯಿತಿಗಳನ್ನೂ ಬರೆಯುತ್ತಾನೆ. ತಕರಾರು ಬಂದರೆ ವಿಮಾ ಓಂಬುಡ್ಸ್‌ಮನ್ ಬಾಗಿಲು ತೆರೆಯುವುದಿಲ್ಲ. ಗ್ರಾಹಕರ ಆಯೋಗಕ್ಕೆ ಅಲೆಯಬೇಕು.

ಹಳೆಯ ಕಾನೂನು ಇದಕ್ಕಿಂತ ಉದಾರವಾಗಿದೆ. 1872ರ ಕರಾರು ಕಾಯ್ದೆಯ 151 ಮತ್ತು 152ನೇ ಸೆಕ್ಷನ್‌ಗಳ ಪ್ರಕಾರ, ಪರರ ವಸ್ತುವನ್ನು ವಶಕ್ಕೆ ಪಡೆದವನು ತನ್ನದೇ ವಸ್ತುವನ್ನು ನೋಡಿಕೊಳ್ಳುವ ವಿವೇಕಿಯಷ್ಟು ಜೋಪಾನ ಮಾಡಿದ್ದರೆ, ಆಮೇಲೆ ಅದು ಕೆಟ್ಟರೂ ಅವನು ಹೊಣೆಯಲ್ಲ. ಆದರೆ ಒಂದು ಬಾಲವಿದೆ: ಬೇರೆ ವಿಶೇಷ ಕರಾರು ಇಲ್ಲದಿದ್ದರೆ. ನಮ್ಮ ಹುಡುಗ ಫೋನಿನಲ್ಲಿ ಒಪ್ಪಿಗೆ ಒತ್ತಿದ್ದು ಆ ವಿಶೇಷ ಕರಾರಿಗೇ. ಅಂದರೆ ಕಾನೂನು ಸುಮ್ಮನೆ ಕೊಟ್ಟಿದ್ದ ರಕ್ಷಣೆಯನ್ನು ಮೊದಲ ಪುಟದಲ್ಲಿ ಕಿತ್ತುಕೊಂಡು, ಅದರ ಒಂದು ತುಂಡನ್ನು ಎರಡನೆಯ ಪುಟದಲ್ಲಿ ಅವನಿಗೇ ಮಾರಿದರು.

ಕಾರಿನ ಮಾತು ಹೀಗಾದರೆ ಓಡಿಸುವವನ ಜೀವದ್ದು ಇನ್ನೂ ವಿಚಿತ್ರ. ಒಬ್ಬಾತ ಪರಿಚಯದವರ ಬೈಕು ಕೇಳಿ ಪಡೆದು ಇಳಕಲ್ಲಿನಿಂದ ತನ್ನೂರಿಗೆ ಹೊರಟಿದ್ದ. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನಗಾಡಿ ಗಕ್ಕನೆ ನಿಂತಿತು. ಬೈಕು ಹೋಗಿ ಗುದ್ದಿತು, ಸವಾರ ತೀರಿಕೊಂಡ. ಬೈಕಿಗೆ ವಿಮೆ ಇತ್ತು. ಮನೆಯವರು ತಪ್ಪು ಯಾರದೆಂದು ರುಜುವಾತು ಮಾಡಬೇಕಿಲ್ಲದ, ಮೋಟಾರು ವಾಹನ ಕಾಯ್ದೆಯ ಅಂದಿನ 163ಎ ಸೆಕ್ಷನ್ನಿನಡಿ ಪರಿಹಾರ ಕೇಳಿದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2009ರಲ್ಲಿ ಬಂದ ತೀರ್ಪು: ಎರವಲು ತಂದವನು ಮಾಲೀಕನ ಜಾಗದಲ್ಲೇ ನಿಂತಂತೆ, ಮಾಲೀಕ ತನ್ನದೇ ಗಾಡಿಯ ಮೇಲೆ ಈ ಸೆಕ್ಷನ್ನಿನಲ್ಲಿ ಪರಿಹಾರ ಕೇಳುವಂತಿಲ್ಲ, ಹಾಗಾಗಿ ಇವನ ಮನೆಯವರೂ ಕೇಳುವಂತಿಲ್ಲ. ಬೇರೆ ಸೆಕ್ಷನ್ನಿನಡಿ ಏನಾದರೂ ಸಿಗುತ್ತದೆಯೇ ನೋಡಿ ಎಂದು ಹೈಕೋರ್ಟಿಗೆ ಮರಳಿಸಿದರು ನಿಜ. ಆದರೆ ತರ್ಕದ ವಕ್ರತೆ ನೋಡಿ. ಹೊಣೆ ಹೊರುವಾಗ ಸವಾರ ಮಾಲೀಕನಾದ. ಅತ್ತ, ಮಾಲೀಕ-ಚಾಲಕನಿಗೆಂದೇ ಈಗ ಕಡ್ಡಾಯವಾಗಿರುವ 15 ಲಕ್ಷದ ಅಪಘಾತ ವಿಮೆ ಗಾಡಿ ಯಾರ ಹೆಸರಿಗೆ ನೋಂದಣಿಯಾಗಿದೆಯೋ ಅವರಿಗೆ ಮಾತ್ರ. ಬಾಡಿಗೆಗೆ ತಂದು ಓಡಿಸುವವನಿಗೆ ಅದು ದಕ್ಕುವುದಿಲ್ಲ. ತನ್ನ ಹೆಸರಿನಲ್ಲೇ ಬೇರೆ ಅಪಘಾತ ವಿಮೆ ಇಲ್ಲದಿದ್ದರೆ, ತನ್ನದೇ ತಪ್ಪಿನಿಂದ ಸತ್ತವನ ಮನೆಯವರಿಗೆ ಬರಿಗೈ. ದಾರಿಯಲ್ಲಿ ಹೋಗುವ ಅಪರಿಚಿತನಿಗಿರುವ ಆಸರೆ ಸ್ಟೇರಿಂಗ್ ಹಿಡಿದವನಿಗಿಲ್ಲ.

ಬಾಡಿಗೆಗೆ ಕೊಡುವವರ ಮಾತಿಗೂ ತೂಕವಿದೆ, ಅದನ್ನು ತಳ್ಳಿಹಾಕಲಾರೆ. ಸಣ್ಣಪುಟ್ಟದ್ದಕ್ಕೆಲ್ಲ ಕ್ಲೇಮು ಹಾಕಿದರೆ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ. ಗಾಡಿ ಗ್ಯಾರೇಜಿನಲ್ಲಿ ಹತ್ತು ದಿನ ನಿಂತರೆ ಹತ್ತು ದಿನದ ಬಾಡಿಗೆ ಹೋಯಿತು, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಕೈಯಿಂದ ಒಂದು ಪೈಸೆ ಹೋಗುವುದಿಲ್ಲವೆಂದರೆ ಹಂಪು, ಹೊಂಡ ನೋಡದೆ ಓಡಿಸುವವರನ್ನು ನಾನೇ ಕಂಡಿದ್ದೇನೆ. ನಮ್ಮ ಹುಡುಗನ ಗೆಳೆಯರ ಬಗ್ಗೆ ನಾನಂತೂ ಪ್ರಮಾಣ ಮಾಡಲಾರೆ. ಓಡಿಸಿದವನು ಒಂದಷ್ಟು ಹೊರಬೇಕು, ಒಪ್ಪಿದೆ. ಹಾಗಿದ್ದರೆ ‘ತಳ ಒಡೆದರೆ ಪೂರ್ತಿ ನಿನ್ನದು’ ಎಂದು ದುಡ್ಡು ಕಟ್ಟುವ ಗುಂಡಿಯ ಪಕ್ಕದಲ್ಲೇ ಬರೆಯಲು ಏನಡ್ಡಿ? ಮಲೆನಾಡಿಗೆ ಹೋಗುವವನಿಗೆ ಬೇಕಿರುವ ವಾಕ್ಯ ಅದೊಂದೇ. ಇನ್ನು ‘ಕಾರಲ್ಲಿ ಸುತ್ತೋರಿಗೆ ಇದೆಲ್ಲ ಯಾವ ಲೆಕ್ಕ’ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ, ಸಮಯವೂ ಇಲ್ಲ.

ಖಾಸಗಿ ನೋಂದಣಿಯ ವೈಟ್ ಬೋರ್ಡ್ ಕಾರನ್ನು ಅಗ್ಗಕ್ಕೆ ಬಾಡಿಗೆಗೆ ಕೊಡುವವರ ಬಳಿ ಈ ಅರೆಬರೆ ಮಾತೂ ಉಳಿಯುವುದಿಲ್ಲ. ಖಾಸಗಿ ಪಾಲಿಸಿಯಲ್ಲಿ ಬಾಡಿಗೆಗೆ ಬಳಸುವುದು ನಿಷಿದ್ಧ. ಓನ್ ಡ್ಯಾಮೇಜ್ ಕ್ಲೇಮನ್ನು ಕಂಪನಿ ತಳ್ಳಿಹಾಕಬಹುದು. ‘ಫ್ರೆಂಡ್ ಗಾಡಿ ಅಂತ ಹೇಳಿ ಸಾರ್’ ಎಂದು ಮೊದಲೇ ಪಾಠ ಹೇಳಿಕೊಡುತ್ತಾರಲ್ಲ, ಅದು ಇದಕ್ಕೇ. ನಾವೇ ಓಡಿಸುವ ಬಾಡಿಗೆಗೆಂದೇ ನೋಂದಣಿಯಾದ ಗಾಡಿಯ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರವಿರುತ್ತದೆ. ಅದನ್ನು ನೋಡಲು ಓದು ಬೇಡ, ಕಣ್ಣು ಸಾಕು.

ಹೋದ ತಿಂಗಳು ಹುಡುಗ ಗೋಕರ್ಣಕ್ಕೆ ಮತ್ತೆ ಕಾರು ಬುಕ್ ಮಾಡುತ್ತಿದ್ದ. ಈ ಸಲ ಫೋನು ನಾನೇ ಕೈಗೆ ತೆಗೆದುಕೊಂಡೆ. “ಫುಲ್ ಇನ್ಶೂರೆನ್ಸ್ ಇದೆ ಸಾರ್,” ಅಂತ ಆ ಕಡೆಯವನು. “ಓಡಿಸೋನಿಗೆ ಏನಾದ್ರೂ ಆದ್ರೆ?” ಅಂದೆ. ತುಸು ಹೊತ್ತು ಸದ್ದಿಲ್ಲ. ಆಮೇಲೆ, “ಏನೂ ಆಗಲ್ಲ ಸಾರ್, ಗಾಡಿ ಹೊಸದು.”