ಅಸಿಗೆ ಮಸಿಯ ಲೆಕ್ಕ

ಹಲಗಲಿಯ ಬೇಡರ ಲಾವಣಿಯನ್ನು ಓದದೆ ಪದವಿ ತರಗತಿಗೆ ಬರುವ ಕನ್ನಡ ವಿದ್ಯಾರ್ಥಿ ವಿರಳ. ಶಾಲೆಯ ಪಠ್ಯದಲ್ಲಿಯೇ ಅದರ ಪರಿಚಯ ಅವರಿಗೆ ಆಗಿರುತ್ತದೆ. ಕುಂಪಣಿ ಸರಕಾರ ಜನರ ಹತಾರಗಳನ್ನು ಒಪ್ಪಿಸಲು ಹೇಳಿತು, ಜಡಗ, ಬಾಲ, ಹನುಮ, ರಾಮ ಎಂಬ ನಾಲ್ವರ ಮುಂದಾಳುತನದಲ್ಲಿ ಬೇಡರು ಒಪ್ಪಲಿಲ್ಲ, ಊರು ಸುಟ್ಟುಹೋಯಿತು ಎಂಬಷ್ಟು ಕಥೆ ಎಲ್ಲರಿಗೂ ನೆನಪಿರುತ್ತದೆ. ಆದರೆ ಆಡಳಿತದ ಬರಹಗಳನ್ನೂ ಲಾವಣಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದಿದವರಿಗೆ ಒಂದು ವ್ಯತ್ಯಾಸ ಕಾಣುತ್ತದೆ. ಆಡಳಿತದ ಬರಹಗಳು ಹೇಳುವುದು ಆಯುಧಗಳ ನೋಂದಣಿಯನ್ನು. ಲಾವಣಿ ಹೇಳುವುದು ಆಯುಧಗಳನ್ನು ಕಸಿದುಕೊಳ್ಳುವುದನ್ನು. ಸರಕಾರ ‘ಬರೆಯಿಸಿರಿ’ ಎಂದದ್ದನ್ನು ಜನ ‘ಒಪ್ಪಿಸಿರಿ’ ಎಂದು ಕೇಳಿಸಿಕೊಂಡರು. ಈ ಎರಡು ಕ್ರಿಯಾಪದಗಳ ನಡುವಿನ ಅಂತರವೇ ಇಂದು ಜಗತ್ತಿನ ಹಲವೆಡೆ ಪಿಸ್ತೂಲು, ರಿವಾಲ್ವರ್‌ಗಳ ಪರವಾನಗಿ ಮತ್ತು ನೋಂದಣಿಯ ಕುರಿತು ನಡೆಯುತ್ತಿರುವ ವಾಗ್ವಾದದ ತಿರುಳು.

ಬೇಡರು ತಪ್ಪಾಗಿ ಕೇಳಿಸಿಕೊಂಡರೆ? ಹಾಗೆ ಹೇಳುವುದು ಅವಸರದ ತೀರ್ಪಾದೀತು. 1857ರ ಸೆಪ್ಟೆಂಬರಿನಲ್ಲಿ, ಉತ್ತರದಲ್ಲಿ ದಂಗೆ ಇನ್ನೂ ಉರಿಯುತ್ತಿದ್ದಾಗ, ಹೊರಟ ಕಾಯಿದೆ ಅದು. ಆಯುಧಗಳ ತಯಾರಿಕೆ, ಮಾರಾಟ, ಇಟ್ಟುಕೊಳ್ಳುವಿಕೆ ಎಲ್ಲವನ್ನೂ ಸರಕಾರದ ಅಂಕೆಗೆ ತರುವುದರ ಜೊತೆಗೆ, ಬೇಕೆಂದ ಪ್ರದೇಶವನ್ನು ನಿಶ್ಶಸ್ತ್ರಗೊಳಿಸುವ ಅಧಿಕಾರವೂ ಅದರ ಬೆನ್ನಿಗಿತ್ತು. ಪಟ್ಟಿ ಮೊದಲು, ಜಪ್ತಿ ಆಮೇಲೆ ಎಂದು ಊಹಿಸಲು ಮುಧೋಳ ಸಂಸ್ಥಾನದ ಒಂದು ಹಳ್ಳಿಯ ಬೇಟೆಗಾರನಿಗೆ ಕಾನೂನಿನ ವ್ಯಾಸಂಗ ಬೇಕಿರಲಿಲ್ಲ. ನವೆಂಬರ್ ಕೊನೆಯಲ್ಲಿ ಸೇನೆ ಹಲಗಲಿಯ ಮೇಲೆ ಬಿತ್ತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಲಾಯಿತು: ಹದಿಮೂವರನ್ನು ಮುಧೋಳದಲ್ಲಿ ಸಂತೆಯ ದಿನ ನೋಡಿ, ಉಳಿದ ಆರು ಜನರನ್ನು ಅವರ ಊರಿನಲ್ಲಿಯೇ. ಪಾಠಾಂತರವನ್ನು ಪರಿಶೀಲಿಸುವ ವಿದ್ವಾಂಸನು ಇಲ್ಲಿ ಲಾವಣಿಕಾರನ ಪಾಠವನ್ನೇ ಎತ್ತಿಹಿಡಿಯಬೇಕಾಗುತ್ತದೆ. ಅವನು ಕಾಯಿದೆಯ ಅಕ್ಷರವನ್ನು ತಪ್ಪಿಸಿದನು, ಅದರ ಅಭಿಪ್ರಾಯವನ್ನು ತಪ್ಪಿಸಲಿಲ್ಲ.

ಆ ಅಭಿಪ್ರಾಯ ಬಯಲಾದದ್ದು ಲಿಟ್ಟನ್ನನ ಕಾಲದ 1878ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ. ಭಾರತೀಯನು ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಳ್ಳುವಂತಿಲ್ಲ. ಯುರೋಪಿಯನ್ನನಿಗೆ ಈ ಕಟ್ಟಳೆಯಿಂದ ವಿನಾಯಿತಿ. ಲೆಕ್ಕ ಬರೆಯುವವನು ತನ್ನ ಹೆಸರನ್ನು ಮಾತ್ರ ಲೆಕ್ಕದಿಂದ ಹೊರಗಿಟ್ಟುಕೊಂಡಿದ್ದನು. ಇದೇ ಬಗೆಯ ಪುಸ್ತಕವೊಂದು ಅದಕ್ಕೂ ಮೊದಲು ಅಮೆರಿಕದಲ್ಲಿ ತೆರೆದಿತ್ತು. ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ 1865ರಲ್ಲಿಯೇ ಮಿಸಿಸಿಪ್ಪಿ ರಾಜ್ಯವು ಬಿಡುಗಡೆ ಹೊಂದಿದ ಕರಿಯರು ಅನುಮತಿಯಿಲ್ಲದೆ ಬಂದೂಕು ಹೊಂದಬಾರದೆಂದು ಶಾಸನ ಮಾಡಿತು. ಬಿಳಿಯರಿಗೆ ಆ ನಿರ್ಬಂಧವಿರಲಿಲ್ಲ. ಎರಡು ಖಂಡಗಳಲ್ಲಿ, ಹದಿಮೂರು ವರ್ಷಗಳ ಅಂತರದಲ್ಲಿ, ಪರವಾನಗಿ ಎಂಬ ಶಬ್ದಕ್ಕೆ ಒಂದೇ ಅರ್ಥ ಬಂದಿತ್ತು: ನಾವು ನಂಬದ ಜನರ ಪಟ್ಟಿ.

ಇಂದು ಅಮೆರಿಕದಲ್ಲಿ ಪಿಸ್ತೂಲಿನ ನೋಂದಣಿಯನ್ನು ವಿರೋಧಿಸುವವರು ‘ಇಂದು ಪಟ್ಟಿ, ನಾಳೆ ಜಪ್ತಿ’ ಎಂದು ಹೇಳುವಾಗ ಈ ಚರಿತ್ರೆಯ ನೆರಳು ಅವರ ಮಾತಿನಲ್ಲಿದೆ. ಅಲ್ಲಿ 1934ರ ಒಕ್ಕೂಟ ಶಾಸನದ ಮೊದಲ ಕರಡಿನಲ್ಲಿ ಪಿಸ್ತೂಲು, ರಿವಾಲ್ವರ್‌ಗಳ ನೋಂದಣಿಯೂ ಇತ್ತು. ಮಸೂದೆ ಶಾಸನವಾಗುವ ವೇಳೆಗೆ ಅವನ್ನು ಕೈಬಿಟ್ಟು ಮಷೀನ್ ಗನ್ ಮುಂತಾದವನ್ನಷ್ಟೇ ಉಳಿಸಿಕೊಳ್ಳಲಾಯಿತು. 1986ರ ಇನ್ನೊಂದು ಶಾಸನವು ಒಕ್ಕೂಟ ಸರಕಾರವು ಬಂದೂಕುದಾರರ ಪಟ್ಟಿಯನ್ನು ಇಡುವುದನ್ನೇ ನಿಷೇಧಿಸಿತು. ಕೆಲವು ರಾಜ್ಯಗಳಲ್ಲಿ ಪರವಾನಗಿ ಇದೆ. ನ್ಯೂಯಾರ್ಕ್ 1911ರಿಂದಲೂ ಅದನ್ನು ಕೇಳುತ್ತ ಬಂದಿದೆ. ಪಿಸ್ತೂಲನ್ನು ಹೊರಗೆ ಒಯ್ಯಲು ವಿಶೇಷ ಕಾರಣ ತೋರಿಸಬೇಕೆಂಬ ಅದರ ನಿಯಮವನ್ನು 2022ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೊಡೆದುಹಾಕಿತಾದರೂ ಪರವಾನಗಿಯೇ ಕೂಡದೆಂದು ಹೇಳಲಿಲ್ಲ. ಅಲ್ಲಿನ ವಾದದಲ್ಲಿ ನನಗೆ ಒಪ್ಪಿಗೆಯಾಗದಿರುವುದು ಒಂದು ಸಂಗತಿ. ಪಕ್ಷಪಾತದ ಪಟ್ಟಿಯಿಂದ ನಿಜವಾಗಿ ನೊಂದವರು ಮಿಸಿಸಿಪ್ಪಿಯ ಕರಿಯರು, ಹಲಗಲಿಯ ಬೇಡರು. ಅವರ ಭಯವನ್ನು ಎರವಲು ತಂದು ಯಾವ ಪಟ್ಟಿಯೂ ಬೇಡವೆನ್ನುವುದು ಚರಿತ್ರೆಯನ್ನು ಅರ್ಧ ಓದಿದಂತೆ. ಆ ಪುಸ್ತಕಗಳ ದೋಷ ಅವು ಪುಸ್ತಕಗಳಾಗಿದ್ದುದರಲ್ಲಿ ಇರಲಿಲ್ಲ. ಎಲ್ಲರ ಹೆಸರೂ ಅವುಗಳಲ್ಲಿ ಇಲ್ಲದುದರಲ್ಲಿ ಇತ್ತು.

ನಮ್ಮ ಸ್ವಾತಂತ್ರ್ಯ ಹೋರಾಟಗಾರರು ಈ ವಿವೇಕವನ್ನು ಕಂಡುಕೊಂಡಿದ್ದರು. 1930ರಲ್ಲಿ ಗಾಂಧೀಜಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿ ನೀಡಬೇಕೆಂಬುದೂ ಒಂದು. ಆದರೆ ಅದು ಜನರ ಹತೋಟಿಗೆ ಒಳಪಟ್ಟಿರಬೇಕೆಂದು ಅಲ್ಲಿಯೇ ಸೇರಿಸಲಾಗಿತ್ತು. ಅಹಿಂಸೆಯ ಪ್ರತಿಪಾದಕನು ಪರವಾನಗಿಯನ್ನು ಕೇಳಿದನೆಂಬುದು ಹಲವರಿಗೆ ಸೋಜಿಗ. ಪರವಾನಗಿ ಬೇಡವೆಂದು ಅವರು ಕೇಳಲಿಲ್ಲವೆಂಬುದು ಅಷ್ಟೇ ಗಮನಾರ್ಹ. ಮುಂದೆ ಸಂವಿಧಾನ ಸಭೆಯಲ್ಲಿ ಮಂಗಳೂರು ಮೂಲದ ಎಚ್. ವಿ. ಕಾಮತ್ ಅವರು ಆಯುಧ ಹೊಂದುವುದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿ ಸೂಚಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆ ಈ ಹಿನ್ನೆಲೆಯಲ್ಲಿ ಬಂದದ್ದು. ಅದರ ಹಲವು ಕಲಮುಗಳು 1878ರದನ್ನು ಹೋಲುತ್ತವೆ, ನಿಜ. ಆದರೆ ಪುಸ್ತಕವನ್ನು ಬರೆಯುವವನು ಈಗ ಹೊರಗಿನವನಲ್ಲ, ಹೆಸರು ಬರೆಯಿಸಬೇಕಾದವನ ಮತದಿಂದಲೇ ಅಲ್ಲಿ ಕುಳಿತವನು.

ಜೈನ ಶಾಸ್ತ್ರಗಳ ಅಭ್ಯಾಸಿಗಳಿಗೆ ಈ ಚರ್ಚೆಯಲ್ಲಿ ಹೇಳಲು ಏನಾದರೂ ಇದೆಯೆ? ಅಹಿಂಸೆ ಪರಮಧರ್ಮವೆಂದು ಸಾರಿ ಸುಮ್ಮನಾಗುವುದು ಸುಲಭ, ಆದರೆ ಅದು ನಮ್ಮ ಪರಂಪರೆಯ ಪೂರ್ಣ ನಿಲುವಲ್ಲ. ಆದಿದೇವನು ಜನರಿಗೆ ಕಲಿಸಿದ ಷಟ್ಕರ್ಮಗಳಲ್ಲಿ ಮೊದಲನೆಯದೇ ಅಸಿ, ಎರಡನೆಯದು ಮಸಿ. ಕತ್ತಿಯ ಬೆನ್ನಿಗೇ ಶಾಯಿ ಬರುವುದು ಆಕಸ್ಮಿಕವಿರಬಹುದು. ಆದರೂ ಇಂದಿನ ವಿಷಯಕ್ಕೆ ಅದು ಎಷ್ಟು ಒಪ್ಪುತ್ತದೆ ಎಂಬುದನ್ನು ನೋಡಿ ಒಮ್ಮೆ ಸಂತೋಷಪಟ್ಟರೆ ತಪ್ಪಿಲ್ಲ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಯುದ್ಧ ಮಾಡಿದ ದಂಡನಾಯಕ. ಹೊಯ್ಸಳರ ಗಂಗರಾಜನೂ ಅಂಥವನೇ. ಗೃಹಸ್ಥನ ವಿರೋಧೀ ಹಿಂಸೆಯನ್ನು ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿದ ಪರಂಪರೆ ಇದು.

ಹೆಚ್ಚು ಉಪಯುಕ್ತವಾದ ವಿಚಾರ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿದೆ. ಅನರ್ಥದಂಡಗಳನ್ನು ಅಲ್ಲಿ ಐದಾಗಿ ವಿಂಗಡಿಸಲಾಗಿದೆ. ಅವುಗಳಲ್ಲಿ ಒಂದು ಹಿಂಸಾದಾನ. ಕೊಡಲಿ, ಕತ್ತಿ, ಬೆಂಕಿ, ವಿಷ, ಸಂಕೋಲೆ ಮೊದಲಾದ ವಧೆಯ ಸಾಧನಗಳನ್ನು ಇನ್ನೊಬ್ಬರಿಗೆ ಕೊಡುವುದು ದೋಷವೆಂದು ಆಚಾರ್ಯರು ಎಣಿಸುತ್ತಾರೆ. ಆ ಪಟ್ಟಿಯಲ್ಲಿ ನೆಲ ಅಗೆಯುವ ಸಲಕರಣೆಯೂ ಇದೆ ಎಂಬುದನ್ನು ಗಮನಿಸಬೇಕು. ಗುದ್ದಲಿ ಕೆಟ್ಟ ವಸ್ತುವಲ್ಲ. ದೋಷವಿರುವುದು ಯಾರ ಕೈಗೆ, ಯಾವ ಪ್ರಯೋಜನಕ್ಕೆ ಎಂದು ಕೇಳದೆ ಸಾಧನವನ್ನು ಕೈಬದಲಾಯಿಸುವುದರಲ್ಲಿ. ಹೊಡೆದವನ ಹೊಣೆಯ ಜೊತೆಗೆ ಕೊಟ್ಟವನ ಹೊಣೆಯನ್ನೂ ಎಣಿಸಿದ ಈ ಸೂಕ್ಷ್ಮತೆ ಆಧುನಿಕ ಪರವಾನಗಿ ಪದ್ಧತಿಯ ಬೀಜದಂತಿದೆ. ನೋಂದಣಿ ಎಂದರೆ ಮತ್ತೇನು? ಆಯುಧವೊಂದು ತಯಾರಕನಿಂದ ವ್ಯಾಪಾರಿಗೆ, ವ್ಯಾಪಾರಿಯಿಂದ ಕೊಂಡವನಿಗೆ, ಅವನಿಂದ ವಾರಸುದಾರನಿಗೆ ದಾಟುವಾಗಲೆಲ್ಲ ಕೊಟ್ಟವನ ಹೆಸರು ಅಳಿಯದಂತೆ ಉಳಿಸುವುದು. ವ್ರತವನ್ನು ತಾನಾಗಿ ಧರಿಸಬೇಕು, ಕಾನೂನು ಹೊರಗಿನಿಂದ ಬರುತ್ತದೆ; ಇವೆರಡನ್ನೂ ಒಂದೇ ಎನ್ನುತ್ತಿಲ್ಲ. ಆದರೆ ತನ್ನ ಬಳಿ ಇರುವುದರ ಪ್ರಮಾಣವನ್ನು ಗೊತ್ತುಮಾಡಿಕೊಂಡು ಹೇಳುವುದು ಗೃಹಸ್ಥನಿಗೆ ಅವಮಾನವೆಂದು ಪರಿಗ್ರಹ ಪರಿಮಾಣವನ್ನು ಬೋಧಿಸಿದ ಪರಂಪರೆ ಭಾವಿಸಲಾರದು.

ಪ್ರಯೋಜನದ ಪ್ರಶ್ನೆಯೇ ಕೋವಿಯನ್ನೂ ಪಿಸ್ತೂಲನ್ನೂ ಬೇರ್ಪಡಿಸುತ್ತದೆ. ಮಲೆನಾಡಿನ ತೋಟದ ಮನೆಯಲ್ಲಿ ಗೋಡೆಗೆ ತೂಗಿದ ಕೋವಿಗೆ ಹಂದಿ, ಮಂಗಗಳ ಕಾಟದಿಂದ ಬೆಳೆ ಕಾಯುವ ಕೆಲಸವಿದೆ. ಅದು ಎಲ್ಲರ ಕಣ್ಣಿಗೂ ಬೀಳುವ ವಸ್ತು. ಪ್ರತಿ ಚುನಾವಣೆಗೂ ಅದನ್ನು ಠಾಣೆಯಲ್ಲಿ ಇಡಬೇಕಾಗಿ ಬರುವ ರೈತರ ಅಸಮಾಧಾನ ಸಕಾರಣವಾದದ್ದು, ಏಕೆಂದರೆ ಹಂದಿಗೆ ನೀತಿಸಂಹಿತೆ ಇಲ್ಲ. ಸೊಂಟದಲ್ಲಿ ಅಡಗುವ ಪಿಸ್ತೂಲಾದರೋ ಮನುಷ್ಯನನ್ನು ಹತ್ತಿರದಿಂದ ಹೊಡೆಯಲೆಂದೇ ರೂಪುಗೊಂಡದ್ದು. ಎರಡಕ್ಕೂ ಒಂದೇ ಬಿಗಿಯ ನಿಯಮ ಹೇರುವ ಆಡಳಿತ ರೈತನನ್ನು ವೃಥಾ ಕಾಡುತ್ತದೆ. ಎರಡಕ್ಕೂ ಒಂದೇ ಸಡಿಲ ಬೇಕೆನ್ನುವವರು ರೈತನನ್ನು ಮುಂದಿಟ್ಟುಕೊಂಡು ಬೇರೆಯವರಿಗಾಗಿ ವಾದಿಸುತ್ತಾರೆ. 2019ರ ತಿದ್ದುಪಡಿ ಒಬ್ಬರು ಹೊಂದಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಎಣಿಕೆ ಇಳಿದದ್ದು ಸರಿ. ಪಿಸ್ತೂಲಿನ ವಿಷಯದಲ್ಲಿ ಅವಧಿಯನ್ನು ಹೆಚ್ಚಿಸಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ಮನುಷ್ಯನ ಮನಸ್ಸು ಕೆಡಲು ಐದು ವರ್ಷ ಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕೊಲೆಗಾರನು ಪರವಾನಗಿ ಕೇಳಲು ಜಿಲ್ಲಾಧಿಕಾರಿಯ ಕಚೇರಿಗೆ ಬರುವುದಿಲ್ಲ. ಆದ್ದರಿಂದ ನೋಂದಣಿ ಸಭ್ಯರನ್ನು ಮಾತ್ರ ಕಟ್ಟುತ್ತದೆ ಎಂಬುದು. ಕನ್ನಡ ಸಂಶೋಧನೆಯ ವಿದ್ಯಾರ್ಥಿಗಳಿಗೆ ಇದು ದೂರದ ವಿಷಯವಲ್ಲ. ಕವಿರಾಜಮಾರ್ಗದ ಪರಿಸರದ ಸಾಹಿತ್ಯವನ್ನು ಶೋಧಿಸಿದ, ‘ಮಾರ್ಗ’ ಸಂಪುಟಗಳ ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯಲ್ಲಿಯೇ ಪಿಸ್ತೂಲಿನಿಂದ ಕೊಲ್ಲಲಾಯಿತು. 2017ರ ಸೆಪ್ಟೆಂಬರ್ 5ರ ಸಂಜೆ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಕೊಲ್ಲಲಾಯಿತು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡಪಿಸ್ತೂಲೆಂದು ನ್ಯಾಯವಿಜ್ಞಾನ ಪ್ರಯೋಗಾಲಯದ ಪರೀಕ್ಷೆ ತೋರಿಸಿತು. ಅಂದರೆ ಎರಡು ವರ್ಷಗಳ ಕಾಲ ಆ ಪಿಸ್ತೂಲು ಯಾವುದೋ ಕಪಾಟಿನಲ್ಲಿ, ಯಾವುದೋ ಚೀಲದಲ್ಲಿ, ಹೆಸರಿಲ್ಲದೆ ಸಂಖ್ಯೆಯಿಲ್ಲದೆ ಇತ್ತು. ಅದನ್ನು ಮಾಡಿದವನು ಒಬ್ಬನಿದ್ದನು, ಮಾರಿದವನು ಒಬ್ಬನಿದ್ದನು. ಸಮಂತಭದ್ರರ ಶಬ್ದದಲ್ಲಿ ಹೇಳುವುದಾದರೆ ಹಿಂಸಾದಾನದ ಒಂದು ಸರಪಳಿಯೇ ಅಲ್ಲಿತ್ತು. ಅದರ ಒಂದು ಕೊಂಡಿಯೂ ಬರಹದಲ್ಲಿ ಇರಲಿಲ್ಲ.

ಈ ಪ್ರಸಂಗ ನೋಂದಣಿ ವ್ಯರ್ಥವೆಂಬುದಕ್ಕೆ ಸಾಕ್ಷಿಯೆಂದು ಕೆಲವರು ಹೇಳಬಹುದು. ನಾನು ಅದನ್ನು ತಿರುಗಿಸಿ ಓದುತ್ತೇನೆ. ಯಾವುದಕ್ಕೂ ಸಂಖ್ಯೆ ಬೇಡವೆಂದ ನಾಡಿನಲ್ಲಿ ಸಂಖ್ಯೆಯಿಲ್ಲದ ಪಿಸ್ತೂಲು ಸಿಕ್ಕರೆ ಪೊಲೀಸನು ಅದನ್ನು ನೋಡಿ ಹಿಂದಿರುಗಿಸಬೇಕಾಗುತ್ತದೆ. ಪರವಾನಗಿ ಕಡ್ಡಾಯವಾಗಿರುವಲ್ಲಿ ಅದನ್ನು ಹೊಂದಿರುವುದೇ ಅಪರಾಧ. ಗುಂಡು ಹಾರುವ ಮೊದಲೇ ಕೈ ಹಿಡಿಯಲು ಅದೊಂದೇ ಆಧಾರ. ಅಕ್ರಮ ತಯಾರಿಕೆಗೆ 2019ರಲ್ಲಿ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ವಿಧಿಸಿದ್ದಾಗಿದೆ. ಕೊರತೆ ಇರುವುದು ಕಾಯಿದೆಯಲ್ಲಿ ಅಲ್ಲ, ಕುಲುಮೆಗಳನ್ನು ಹುಡುಕುವ ಶ್ರಮದಲ್ಲಿ.

ಉಳಿದದ್ದು ಕೊಡಗು. ಹಲಗಲಿ ಸುಟ್ಟ ನಾಲ್ಕೇ ವರ್ಷಗಳಲ್ಲಿ, 1861ರಲ್ಲಿ, ಅದೇ ಆಳರಸರು ಕೊಡವರನ್ನು ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟರು. ಒಂದು ಜನ ನಂಬಿಕೆಗೆ ಅರ್ಹರು, ಇನ್ನೊಂದು ಜನ ಅಲ್ಲ ಎಂಬ ಭೇದ ಇಲ್ಲಿಯೂ ಕೆಲಸ ಮಾಡಿತ್ತು. ಸ್ವತಂತ್ರ ಭಾರತ ಆ ವಿನಾಯಿತಿಯನ್ನು ಮುಂದುವರಿಸಿದೆ. ಕೊಡವ ಜನಾಂಗಕ್ಕೂ ಜಮ್ಮಾ ಹಿಡುವಳಿದಾರರಿಗೂ ಅದು ಅನ್ವಯಿಸುತ್ತದೆ. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮಗು ಹುಟ್ಟಿದಾಗಲೂ ಮನೆಯ ಹಿರಿಯರು ತೀರಿದಾಗಲೂ ಗುಂಡು ಹಾರಿಸುವ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಸಂಸ್ಕೃತಿಯಲ್ಲಿ ಕೋವಿಯನ್ನು ಬರಿಯ ಮಾರಕ ವಸ್ತುವೆಂದು ಕಾಣುವುದು ಅರಸಿಕತೆ. ಅಲ್ಲಿಯೂ ವಿನಾಯಿತಿ ಪತ್ರವನ್ನು ಪಡೆಯುವ ಪದ್ಧತಿ ಇದೆ. ಲೆಕ್ಕ ಪೂರ್ತಿ ತಪ್ಪಿಲ್ಲ. ಈಗಿನ ಅಧಿಸೂಚನೆಯ ಅವಧಿ 2029ರ ಅಕ್ಟೋಬರಿಗೆ ಮುಗಿಯುತ್ತದೆ. ಅದನ್ನು ಮತ್ತೆ ಮುಂದುವರಿಸುವಾಗ ಕೋವಿಗೆ ಪರವಾನಗಿಯ ವಿನಾಯಿತಿ ಉಳಿಯಲಿ, ಆದರೆ ಪ್ರತಿಯೊಂದು ಕೋವಿಯ ಸಂಖ್ಯೆಯೂ ಅದು ಯಾರಿಂದ ಯಾರಿಗೆ ಬಂತೆಂಬುದೂ ಉಳಿದ ಜಿಲ್ಲೆಗಳಲ್ಲಿರುವಂತೆಯೇ ದಾಖಲಾಗಲಿ, ಪಿಸ್ತೂಲಿಗೆ ಯಾರಿಗೂ ಯಾವ ವಿನಾಯಿತಿಯೂ ಬೇಡ ಎಂಬುದನ್ನು ಕೊಡವ ಸಮಾಜದ ಹಿರಿಯರೇ ಮುಂದಾಗಿ ಕೇಳಿದರೆ, ಹಲಗಲಿಯವರಿಗೆ ಸಿಗದ ಅವಕಾಶವೊಂದನ್ನು ಅವರು ಬಳಸಿಕೊಂಡಂತಾಗುತ್ತದೆ: ಪುಸ್ತಕದಲ್ಲಿ ಏನು ಬರೆಯಬೇಕೆಂಬುದನ್ನು ಬರೆಯಿಸಿಕೊಳ್ಳುವವರೇ ಹೇಳುವ ಅವಕಾಶ.